ತೊಳೆದ ನಾಣ್ಯಗಳು: ವಾರಸಾಗಿ ಬಂದ ಒಂದು ಸಂಗ್ರಹದ ಪ್ರಕರಣ ಅಧ್ಯಯನ

ಹಳೆಯ ನಾಣ್ಯವನ್ನು ತೊಳೆಯಬಾರದು ಎಂಬ ಮಾತನ್ನು ಸಂಗ್ರಹಕಾರರೆಲ್ಲ ಕೇಳಿರುತ್ತಾರೆ. ಕೇಳಿಯೂ ಹಲವರು ತೊಳೆಯುತ್ತಾರೆ. ತೊಳೆದರೆ ಏನಾಗುತ್ತದೆ ಎಂಬುದನ್ನು ನಾಣ್ಯ ಕೈಗೆ ಕೊಟ್ಟು ಯಾರೂ ಅವರಿಗೆ ತೋರಿಸಿರುವುದಿಲ್ಲ. ಇಲ್ಲಿ ವಿವರಿಸುವ ಪ್ರಕರಣದಲ್ಲಿ ಹಾಗೆ ತೋರಿಸಲು ಬೇಕಾದುದೆಲ್ಲ ಇತ್ತು: ತೊಳೆಯುವ ಮೊದಲು ತೆಗೆದ ಚಿತ್ರಗಳು, ಯಾವ ನಾಣ್ಯಕ್ಕೆ ಏನು ಬಳಸಲಾಯಿತು ಎಂಬ ಸ್ಪಷ್ಟ ನೆನಪು, ತೊಳೆದ ಮೇಲಿನ ನಾಣ್ಯಗಳು ಮತ್ತು ನಾಣ್ಯದ ಸ್ಥಿತಿ ನೋಡಿ ಅಂಕ ಕೊಡುವ ಶ್ರೇಣೀಕರಣ ಸಂಸ್ಥೆ ಅವುಗಳ ಬಗ್ಗೆ ಕೊಟ್ಟ ತೀರ್ಪು. ಇಷ್ಟೂ ಒಂದೆಡೆ ಸಿಗುವುದು ಅಪರೂಪ. ಸಂಗ್ರಹದ ಒಡತಿಯ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಹೆಸರು, ಊರು, ಉದ್ಯೋಗಗಳನ್ನು ಬಿಟ್ಟಿದ್ದೇನೆ. ಗುರುತು ಹತ್ತಬಹುದಾದ ಕೆಲವು ನಾಣ್ಯಗಳನ್ನೂ ಕೈಬಿಟ್ಟಿದ್ದೇನೆ. ಅವರನ್ನು ವಾರಸುದಾರರು ಎಂದಷ್ಟೇ ಕರೆಯುತ್ತೇನೆ.

ಸಂಗ್ರಹ ಹೇಗಿತ್ತು

ಸಂಗ್ರಹ ಅವರಿಗೆ ಬಂದದ್ದು ಸೋದರಮಾವನಿಂದ. ಮಾವ ಹಣವಂತರಲ್ಲದಿದ್ದರೂ ಶಿಸ್ತಿನ ಸಂಗ್ರಹಕಾರರು. ಪ್ರತಿ ನಾಣ್ಯಕ್ಕೂ ಒಂದು ಪುಟ, ಅದರಲ್ಲಿ ಎರಡೂ ಮುಖಗಳ ಚಿತ್ರ, ತೂಕ, ಕೊಂಡ ಬಗೆ, ಮೈಮೇಲಿನ ಕಲೆಗಳ ಟಿಪ್ಪಣಿ. ಇಷ್ಟು ಎಚ್ಚರವಿದ್ದ ಅವರು ಒಂದು ವಿಷಯದಲ್ಲಿ ಮಾತ್ರ ಅಂಗಡಿಯವರು ಕೊಟ್ಟದ್ದನ್ನೇ ನಂಬಿದ್ದರು. ಕೆಲವು ನಾಣ್ಯಗಳು ಬಳುಕುವ ಮೆದು ಪ್ಲಾಸ್ಟಿಕ್ ಜೇಬುಗಳಲ್ಲೇ ವರ್ಷಗಟ್ಟಲೆ ಉಳಿದಿದ್ದವು. ಅದರ ಪರಿಣಾಮ ಮುಂದೆ ಬರುತ್ತದೆ.

ಈ ಪ್ರಕರಣಕ್ಕೆ ಮುಖ್ಯವಾದ ನಾಣ್ಯಗಳು ಕೆಲವೇ. ಮೊದಲನೆಯವು ಮೂರು ಮಾರ್ಗನ್ ಡಾಲರ್‌ಗಳು. ಅಮೆರಿಕದಲ್ಲಿ 1878ರಿಂದ 1904ರವರೆಗೆ, ಮತ್ತೆ 1921ರಲ್ಲಿ ಟಂಕಿಸಿದ ಈ ನಾಣ್ಯ 26.73 ಗ್ರಾಂ ತೂಗುತ್ತದೆ. ನೂರಕ್ಕೆ ತೊಂಬತ್ತು ಪಾಲು ಬೆಳ್ಳಿ, ಉಳಿದದ್ದು ತಾಮ್ರ. ಎರಡು ಡಾಲರ್‌ಗಳು ಚಲಾವಣೆಯಲ್ಲಿ ಸವೆದಿದ್ದವು. ಮೂರನೆಯದು 1881ರ ಸ್ಯಾನ್ ಫ್ರಾನ್ಸಿಸ್ಕೊ ಟಂಕಸಾಲೆಯದು, ಚಲಾವಣೆಯನ್ನೇ ಕಾಣದ್ದು. ಆ ವರ್ಷದ ಆ ನಾಣ್ಯ ವಿರಳವೇನಲ್ಲ. ಆದರೆ ಅಚ್ಚಿನ ಸ್ಪಷ್ಟತೆಗೂ ಹೊಳಪಿಗೂ ಅದು ಹೆಸರಾದದ್ದು. ಮಾವನ ಚಿತ್ರದಲ್ಲಿ ಅದರ ಒಂದು ಬದಿಯಲ್ಲಿ ಅಂಚಿನಿಂದ ಒಳಕ್ಕೆ ಹೊನ್ನಿನ ಬಣ್ಣ, ಅದರಾಚೆಗೆ ಕೆನ್ನೇರಳೆ, ಮತ್ತೆ ನೀಲಿ ಹರಡಿರುವುದು ಕಾಣುತ್ತದೆ. ಈ ಡಾಲರ್‌ಗಳು ಸಾವಿರದ ಲೆಕ್ಕದಲ್ಲಿ ಕ್ಯಾನ್ವಾಸ್ ಚೀಲ ಸೇರಿ ಖಜಾನೆಯಲ್ಲಿ ದಶಕಗಳ ಕಾಲ ಇದ್ದಂಥವು. ಚೀಲದ ಬಟ್ಟೆಯಲ್ಲಿದ್ದ ಗಂಧಕ ತಗುಲಿದ ಬದಿಗೆ ಇಂಥ ಬಣ್ಣ ಬರುತ್ತಿತ್ತು. ಅಂಥ ಬಣ್ಣದ ಡಾಲರ್‌ಗಾಗಿಯೇ ಹುಡುಕುವ ಸಂಗ್ರಹಕಾರರಿದ್ದಾರೆ.

ಇನ್ನೊಂದು 1797ರ ಬ್ರಿಟಿಷ್ ತಾಮ್ರದ ಪೆನ್ನಿ. ಬರ್ಮಿಂಗ್‌ಹ್ಯಾಮ್ ಬಳಿಯ ಸೋಹೊ ಟಂಕಸಾಲೆಯಲ್ಲಿ ಮ್ಯಾಥ್ಯೂ ಬೋಲ್ಟನ್ ಉಗಿಯಂತ್ರ ಬಳಸಿ ಟಂಕಿಸಿದ, ಸರಿಯಾಗಿ ಒಂದು ಔನ್ಸ್ ತೂಗುವಂತೆ ಮಾಡಿದ ದಪ್ಪ ನಾಣ್ಯ. ಮೈಯೆಲ್ಲ ಒಂದೇ ಸಮನಾದ ಗಾಢ ಕಂದು. ಜೊತೆಗೆ ಸವರನ್ ಎಂಬ 22 ಕ್ಯಾರೆಟ್ಟಿನ ಎರಡು ಬ್ರಿಟಿಷ್ ಚಿನ್ನದ ನಾಣ್ಯಗಳು, ಮೆದು ಪ್ಲಾಸ್ಟಿಕ್ಕಿನೊಳಗಿದ್ದ, ಕ್ರೌನ್ ಎಂಬ ವಿಕ್ಟೋರಿಯಾ ಕಾಲದ ಎರಡು ಬ್ರಿಟಿಷ್ ಬೆಳ್ಳಿ ನಾಣ್ಯಗಳು, ಮತ್ತು ನೆಲದಿಂದ ಅಗೆದು ತೆಗೆದಿದ್ದ ಒಂದು ಚಿಕ್ಕ ರೋಮನ್ ಕಂಚಿನ ನಾಣ್ಯ.

ತೊಳೆಯುವ ನಿರ್ಧಾರ

ವಾರಸುದಾರರಿಗೆ ಸಂಗ್ರಹದ ಒಂದು ಭಾಗವನ್ನು ಮಾರಬೇಕಾಗಿತ್ತು. ಪೆಟ್ಟಿಗೆ ತೆರೆದಾಗ ಎದುರಿಗಿದ್ದ ಬಂಧುಗಳೊಬ್ಬರು, ಹೀಗೆ ಕಪ್ಪಿಟ್ಟಿದ್ದರೆ ಕೊಳ್ಳುವವರು ಮುಖ ತಿರುಗಿಸುತ್ತಾರೆ ಎಂದರಂತೆ. ಮಾತು ಸಹಜವಾಗಿಯೇ ಕೇಳಿಸುತ್ತದೆ. ಮನೆ ಮಾರುವವರು ಸುಣ್ಣಬಣ್ಣ ಮಾಡಿಸುತ್ತಾರೆ, ವಾಹನ ಮಾರುವವರು ತೊಳೆಸುತ್ತಾರೆ. ನಾಣ್ಯದ ಲೆಕ್ಕ ಬೇರೆ ಎಂದು ತಿಳಿಯಲು ಅವರಿಗೆ ಯಾವ ಕಾರಣವೂ ಇರಲಿಲ್ಲ.

ಅವರು ಅವಸರದವರಲ್ಲ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು. ಒಳ್ಳೆಯ ನಾಣ್ಯಕ್ಕೆ ಕೈಹಾಕುವ ಮೊದಲು ಎಲ್ಲಕ್ಕಿಂತ ಅಗ್ಗದ ನಾಣ್ಯದ ಮೇಲೆ ಪರೀಕ್ಷೆ ಮಾಡಿದರು. ಸವೆದ ಒಂದು ಡಾಲರನ್ನು ಅಲ್ಯೂಮಿನಿಯಂ ಹಾಳೆಯ ಮೇಲಿಟ್ಟು, ಅಡುಗೆ ಸೋಡಾ ಬೆರೆಸಿದ ಬಿಸಿನೀರು ಸುರಿದರು. ಕಪ್ಪು ಕಣ್ಣೆದುರೇ ಕರಗಿತು. ಒರೆಸಿ ಬೆಳಕಿಗೆ ಹಿಡಿದರೆ ಬೆಳ್ಳಿ ಬೆಳ್ಳಗೆ ಕಂಡಿತು. ಪರೀಕ್ಷೆ ಗೆದ್ದಿತು ಎಂದುಕೊಂಡರು.

ನನ್ನ ದೃಷ್ಟಿಯಲ್ಲಿ ಇಡೀ ಪ್ರಕರಣದ ಮೊದಲ ತಿರುವು ಇದೇ. ಮೊದಲು ಅಗ್ಗದ್ದರ ಮೇಲೆ ಪ್ರಯೋಗ ಮಾಡಿ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ, ಅವರು ಅದನ್ನು ಪಾಲಿಸಿದರು. ಆದರೆ ಸೋಲು ಎಂದರೆ ಹೇಗೆ ಕಾಣುತ್ತದೆ ಎಂಬುದು ಗೊತ್ತಿಲ್ಲದವರಿಗೆ ಪರೀಕ್ಷೆ ಯಾವ ರಕ್ಷಣೆಯನ್ನೂ ಕೊಡುವುದಿಲ್ಲ. ಸವೆದ ನಾಣ್ಯದಲ್ಲಿ ಟಂಕಸಾಲೆಯ ಮೂಲ ಹೊಳಪು ಆಗಲೇ ಹೋಗಿರುತ್ತದೆ. ಕಳೆದುಕೊಳ್ಳಲು ಅಲ್ಲಿ ಏನೂ ಉಳಿದಿರಲಿಲ್ಲ. ಕಳೆದುಕೊಳ್ಳುವಂಥದ್ದು ಇದ್ದದ್ದು 1881ರ ನಾಣ್ಯದಲ್ಲಿ. ಅಂದರೆ ಪರೀಕ್ಷೆಗೆ ಆರಿಸಿದ ನಾಣ್ಯವೇ ಹಾನಿಯನ್ನು ತೋರಿಸಲಾರದ ನಾಣ್ಯವಾಗಿತ್ತು.

ಮುಂದಿನದು ಬೇಗ ನಡೆಯಿತು. 1881ರ ಡಾಲರ್ ಸೋಡಾ ನೀರಿಗೆ ಬಿತ್ತು. ಬಣ್ಣ ಪೂರ್ತಿ ಹೋಗದೆ ಮಾಸಲು ತೇಪೆಗಳು ಉಳಿದವು. ಅವನ್ನು ತೆಗೆಯಲು ಬೆಳ್ಳಿ ಆಭರಣ ಅದ್ದುವ ದ್ರಾವಣ ತಂದು ಅದರಲ್ಲಿ ಮುಳುಗಿಸಿದರು. ಆಗಲೂ ನಾಣ್ಯದ ಮೇಲಿನ ಮುಖಚಿತ್ರದ ತಲೆಗೂದಲಿನ ಉಬ್ಬುಗಳ ನಡುವೆ ಉಳಿದ ಚುಕ್ಕೆಗಳನ್ನು ಪಾಲಿಷ್ ಹಚ್ಚಿದ ಮೆದುಬಟ್ಟೆಯಿಂದ ಉಜ್ಜಿದರು. ಪೆನ್ನಿಯನ್ನು ವಿನೆಗರ್ ಮತ್ತು ಉಪ್ಪಿನಲ್ಲಿ ನೆನೆಸಿದರು. ಸವರನ್‌ಗಳಿಗೆ ಟೂತ್‌ಪೇಸ್ಟ್ ಮತ್ತು ಮೆದು ಬ್ರಷ್. ಕ್ರೌನ್‌ಗಳು ಪ್ಲಾಸ್ಟಿಕ್ಕಿನೊಳಗೆ ಚೆನ್ನಾಗಿಯೇ ಕಾಣುತ್ತಿದ್ದುದರಿಂದ ಅವುಗಳ ಗೋಜಿಗೆ ಹೋಗಲಿಲ್ಲ. ರೋಮನ್ ನಾಣ್ಯ ಪುಡಿಯಾದೀತೆಂದು ಹೆದರಿ ಬಿಟ್ಟರು.

ಲೋಹದ ಮೇಲೆ ನಡೆದದ್ದು

ಹೊಸ ನಾಣ್ಯದ ಹೊಳಪು ನುಣುಪಿನಿಂದ ಬರುವುದಿಲ್ಲ. ಅಚ್ಚು ಬಲವಾಗಿ ಒತ್ತಿದಾಗ ಬಿಲ್ಲೆಯ ಲೋಹ ನಡುವಿನಿಂದ ಅಂಚಿನ ಕಡೆಗೆ ಹರಿಯುತ್ತದೆ. ಆ ಹರಿವು ಮತ್ತು ಅಚ್ಚಿನ ಸವೆತ ಸೇರಿ ಮೈಮೇಲೆ ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಏಣುಗಳನ್ನು ಬಿಡುತ್ತವೆ. ಒಂದೇ ದೀಪದ ಕೆಳಗೆ ನಾಣ್ಯವನ್ನು ಓರೆ ಹಿಡಿದು ತಿರುಗಿಸಿದರೆ, ಈ ಏಣುಗಳಿಂದ ಚಿಮ್ಮಿದ ಬೆಳಕಿನ ಪಟ್ಟಿಗಳು ಗಾಡಿಚಕ್ರದ ಕಡ್ಡಿಗಳಂತೆ ನಾಣ್ಯದ ಸುತ್ತ ಓಡುತ್ತವೆ. ಸಂಗ್ರಹಕಾರರು ಹೊಳಪು ಎಂದು ಕರೆಯುವುದು ಈ ಓಟವನ್ನು. ಏಣುಗಳು ಒಮ್ಮೆ ಸವೆದರೆ ಅಥವಾ ಕರಗಿದರೆ ಅವನ್ನು ಮರಳಿ ತರುವ ವಿಧಾನ ಇಲ್ಲ. ಅವು ಅಚ್ಚಿನ ಒತ್ತಡದಿಂದ ಮಾತ್ರ ಹುಟ್ಟುವಂಥವು.

ಇನ್ನು ಬೆಳ್ಳಿಯ ಬಣ್ಣ. ಗಾಳಿಯಲ್ಲಿ ಅತ್ಯಲ್ಪ ಪ್ರಮಾಣದಲ್ಲಿರುವ ಹೈಡ್ರೋಜನ್ ಸಲ್ಫೈಡ್ ಬೆಳ್ಳಿಯೊಡನೆ ಕೂಡಿ ಬೆಳ್ಳಿಯ ಸಲ್ಫೈಡ್ ಆಗುತ್ತದೆ. ಪದರ ತೀರ ತೆಳುವಾಗಿದ್ದಾಗ ಅದರ ಮೇಲ್ಮೈಯಿಂದಲೂ ತಳದಿಂದಲೂ ಮರಳುವ ಬೆಳಕಿನ ಅಲೆಗಳು ಒಂದರೊಡನೊಂದು ಸೇರಿ ಬಣ್ಣ ಹುಟ್ಟುತ್ತದೆ: ಮೊದಲು ತಿಳಿಹಳದಿ, ಹೊನ್ನು, ಆಮೇಲೆ ಕೆನ್ನೇರಳೆ, ನೀಲಿ, ದಪ್ಪವಾದಂತೆ ಕೊನೆಗೆ ಕಪ್ಪು. ಇಲ್ಲಿ ಮನಸ್ಸಿನಲ್ಲಿಡಬೇಕಾದ ಸಂಗತಿಯೆಂದರೆ ಈ ಪದರ ಹೊರಗಿನಿಂದ ಬಂದು ಕೂತ ಕೊಳೆಯಲ್ಲ. ಅದರ ತೂಕದಲ್ಲಿ ನೂರಕ್ಕೆ 87 ಪಾಲು ನಾಣ್ಯದ್ದೇ ಬೆಳ್ಳಿ. ಅದನ್ನು ಕರಗಿಸಿದರೆ ನಾಣ್ಯದ ಮೈಯನ್ನೇ ಕರಗಿಸಿದಂತೆ.

ಆಭರಣ ಅದ್ದುವ ದ್ರಾವಣಗಳಲ್ಲಿ ಸಾಮಾನ್ಯವಾಗಿ ಥಯೋಯೂರಿಯಾ ಮತ್ತು ಒಂದು ಆಮ್ಲ ಇರುತ್ತವೆ. ಅವು ಸಲ್ಫೈಡನ್ನು ಕರಗಿಸುವಾಗ ಸೂಕ್ಷ್ಮ ಏಣುಗಳ ತುದಿಯನ್ನೂ ಜೊತೆಗೇ ತೆಗೆಯುತ್ತವೆ. ತಿಳಿದವರು ತೆಳುವಾದ ಪದರವನ್ನು ಕ್ಷಣಕಾಲ ಅದ್ದಿ ತಕ್ಷಣ ಚೆನ್ನಾಗಿ ತೊಳೆದರೆ ಹಾನಿ ಕಾಣದಷ್ಟು ಕಡಿಮೆ ಇರಬಹುದು. ನೂರು ವರ್ಷ ದಾಟಿಯೂ ಬೆಳ್ಳಗಿರುವ ಬೆಳ್ಳಿ ನಾಣ್ಯಗಳಲ್ಲಿ ಬಹಳಷ್ಟು ಒಂದಲ್ಲ ಒಂದು ಕಾಲದಲ್ಲಿ ಹೀಗೆ ಅದ್ದಿದವೇ, ಮಾರುಕಟ್ಟೆ ಅವನ್ನು ಒಪ್ಪಿಯೂ ಇದೆ. ಪದರ ದಪ್ಪವಿದ್ದಲ್ಲಿ, ನಾಣ್ಯ ದ್ರಾವಣದಲ್ಲಿ ಹೆಚ್ಚು ಹೊತ್ತು ಕೂತಲ್ಲಿ ಬೆಳಕಿನ ಓಟ ನಿಂತು ಸುಣ್ಣದಂಥ ಸತ್ತ ಬಿಳುಪು ಉಳಿಯುತ್ತದೆ. 1881ರ ಡಾಲರಿಗೆ ಆದದ್ದು ಅದು.

ಅಲ್ಯೂಮಿನಿಯಂ ಮತ್ತು ಸೋಡಾದ ವಿಧಾನ ಬೆಳ್ಳಿಯನ್ನು ತೆಗೆಯುವುದಿಲ್ಲ, ಗಂಧಕವನ್ನಷ್ಟೇ ಎಳೆದುಕೊಳ್ಳುತ್ತದೆ ಎಂಬ ಸಮರ್ಥನೆಯನ್ನು ಆಗಾಗ ಕೇಳುತ್ತೇನೆ. ರಸಾಯನಶಾಸ್ತ್ರದ ಲೆಕ್ಕದಲ್ಲಿ ಅದು ಸರಿಯೇ. ಆದರೆ ಮರಳಿದ ಬೆಳ್ಳಿ ತಾನು ಹೊರಟ ಜಾಗದಲ್ಲಿ, ಮೊದಲಿನ ಬಿಗುವಿನಲ್ಲಿ ಕೂರುವುದಿಲ್ಲ. ಸಡಿಲವಾದ ನುಣ್ಣನೆಯ ಕಣಗಳಾಗಿ ಮೇಲ್ಮೈಗೆ ಅಂಟುತ್ತದೆ. ಮಾಸಲು ತೇಪೆಗಳು ಹುಟ್ಟುವುದು ಹೀಗೆ. ಊಟದ ತಟ್ಟೆಗೆ ಇದರಿಂದ ತೊಂದರೆಯಿಲ್ಲ, ಚಲಾವಣೆ ಕಾಣದ ನಾಣ್ಯಕ್ಕೆ ಅದೇ ಸಾಕು ಹಾಳಾಗಲು.

ಉಜ್ಜಿದ್ದರ ಗುರುತು ಇನ್ನೂ ಸ್ಪಷ್ಟ. ಭೂತಗನ್ನಡಿಯಲ್ಲಿ ನೋಡಿದಾಗ ಡಾಲರಿನ ಕೆನ್ನೆಯ ಮೇಲೆ, ಎದುರಿನ ಖಾಲಿ ಬಯಲಿನ ಮೇಲೆ ಒಂದೇ ದಿಕ್ಕಿಗೆ ಓಡುವ ಕೂದಲೆಳೆಯಂಥ ಗೀರುಗಳಿದ್ದವು. ಚಲಾವಣೆಯಲ್ಲಿ ಬಿದ್ದ ಗೀರುಗಳು ದಿಕ್ಕಾಪಾಲಾಗಿರುತ್ತವೆ, ಎತ್ತರದ ಭಾಗಗಳಲ್ಲಿ ಮೊದಲು ಕಾಣುತ್ತವೆ. ಬಟ್ಟೆಯ ಗೀರುಗಳು ಸಾಲುಗಟ್ಟಿರುತ್ತವೆ, ತಗ್ಗಿಗೂ ಇಳಿದಿರುತ್ತವೆ, ಅಕ್ಷರಗಳ ಬುಡ ಬಂದಾಗ ಮಾತ್ರ ನಿಲ್ಲುತ್ತವೆ. ಬೆರಳು ಅಲ್ಲಿಗೆ ತಲುಪದೆ ಬುಡದಲ್ಲಿ ಹಳೆಯ ಕಪ್ಪು ಉಳಿದಿರುತ್ತದೆ. ನಾಣ್ಯ ಉಜ್ಜಿದ್ದೋ ಅಲ್ಲವೋ ಎಂದು ನಿರ್ಧರಿಸಲು ನಾನು ಮೊದಲು ನೋಡುವುದು ಅಕ್ಷರಗಳ ಬುಡವನ್ನೇ.

ಸವರನ್‌ಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಚಿನ್ನ ಕಪ್ಪಾಗದ ಲೋಹ. 22 ಕ್ಯಾರೆಟ್ಟಿನಲ್ಲಿ ಬೆರೆತಿರುವ ತಾಮ್ರದಿಂದ ಅಲ್ಲಲ್ಲಿ ಕೆಂಪು ಚುಕ್ಕೆ ಬರಬಹುದು ಅಷ್ಟೇ. ಅವನ್ನು ಉಜ್ಜುವ ಅಗತ್ಯವೇ ಇರಲಿಲ್ಲ. ಟೂತ್‌ಪೇಸ್ಟಿನಲ್ಲಿರುವ ಸಿಲಿಕಾದಂಥ ಉಜ್ಜುಪುಡಿ ಹಲ್ಲಿಗಾಗಿ ಅಳೆದದ್ದು. ಹಲ್ಲಿನ ಹೊರಪದರ ಚಿನ್ನಕ್ಕಿಂತ ಎಷ್ಟೋ ಗಡಸು.

ನನಗೆ ಹೆಚ್ಚು ಸಂಕಟವಾದದ್ದು ಪೆನ್ನಿಯನ್ನು ನೋಡಿ. ತಾಮ್ರದ ಕಂದು ಬಣ್ಣ ಮುಖ್ಯವಾಗಿ ತಾಮ್ರದ ಆಕ್ಸೈಡಿನದು, ಕೆಳಗಿನ ಲೋಹವನ್ನು ಕಾಯುವ ಬಿಗಿಯಾದ ಪದರ. ಇನ್ನೂರು ವರ್ಷ ದಾಟಿ ಬಂದಿದ್ದ ಅದನ್ನು ವಿನೆಗರ್ ಮತ್ತು ಉಪ್ಪು ಸ್ವಲ್ಪ ಹೊತ್ತಿನಲ್ಲೇ ತೆಗೆದುಹಾಕಿದ್ದವು. ಉಳಿದದ್ದು ಹಸಿಗಾಯದಂಥ ಗುಲಾಬಿ ಬಣ್ಣದ ಬೆತ್ತಲೆ ತಾಮ್ರ. ಉಪ್ಪಿನಲ್ಲಿರುವ ಕ್ಲೋರೈಡ್ ಲೋಹದ ಸಣ್ಣ ರಂಧ್ರಗಳಲ್ಲಿ ಕೂತುಬಿಟ್ಟಿತ್ತು. ಕೆಲವು ವಾರಗಳ ಬಳಿಕ ಅಂಚಿನ ತಗ್ಗು ಅಕ್ಷರಗಳಲ್ಲಿ ಹಸಿರು ಕಿಲುಬು ಕಾಣಿಸಿಕೊಂಡಿತು. ಅದು ತೊಳೆಯುವ ಮೊದಲು ಇರಲಿಲ್ಲ. ಮಾವನ ಚಿತ್ರದಲ್ಲಿ ಅದರ ಸುಳಿವೇ ಇಲ್ಲ.

ತೀರ್ಪು ಬಂದಾಗ

ವಾರಸುದಾರರು ತೊಳೆದ ನಾಣ್ಯಗಳನ್ನು ಒಂದು ಶ್ರೇಣೀಕರಣ ಸಂಸ್ಥೆಗೆ ಕಳುಹಿಸಿದರು. ಅಮೆರಿಕದ ಎರಡು ಶ್ರೇಣೀಕರಣ ಸಂಸ್ಥೆಗಳಾದ ಪಿಸಿಜಿಎಸ್ 1986ರಲ್ಲಿ, ಎನ್‌ಜಿಸಿ 1987ರಲ್ಲಿ ಕೆಲಸ ಆರಂಭಿಸಿದ ಮೇಲೆ ನಾಣ್ಯವನ್ನು ಗಟ್ಟಿ ಪ್ಲಾಸ್ಟಿಕ್ಕಿನಲ್ಲಿ ಮುದ್ರೆ ಮಾಡಿ 1ರಿಂದ 70ರವರೆಗಿನ ಅಂಕ ಕೊಡುವ ಪದ್ಧತಿ ಬೇರೂರಿದೆ. ಈ ಅಳತೆಪಟ್ಟಿಯ ಮೂಲ 1949ರಲ್ಲಿ ವಿಲಿಯಂ ಶೆಲ್ಡನ್ ಅಮೆರಿಕದ ಹಳೆಯ ತಾಮ್ರದ ಸೆಂಟ್‌ಗಳಿಗಾಗಿ ರೂಪಿಸಿದ್ದು. 60 ಮತ್ತು ಅದಕ್ಕೂ ಮೇಲಿನ ಅಂಕ ಚಲಾವಣೆ ಕಾಣದ ನಾಣ್ಯಕ್ಕೆ. ಮೈಗೆ ಹಾನಿಯಾದ ನಾಣ್ಯಕ್ಕೆ ಅಂಕ ಕೊಡದೆ, ವಿವರಗಳು ಎಷ್ಟು ಉಳಿದಿವೆ ಎಂಬುದನ್ನು ಮಾತ್ರ ನಮೂದಿಸಿ ಪಕ್ಕದಲ್ಲಿ ಕಾರಣ ಬರೆಯುತ್ತಾರೆ.

1881ರ ಡಾಲರ್, ಪೆನ್ನಿ, ಸವರನ್‌ಗಳು ಎಲ್ಲವೂ ಅಂಕವಿಲ್ಲದೆ ಮರಳಿದವು. ಕಾರಣ ಒಂದೇ: ಶುಚಿಗೊಳಿಸಲಾಗಿದೆ. ಸವೆದ ಡಾಲರ್‌ಗಳಿಗೂ ಅದೇ ಷರಾ. ವಾರಸುದಾರರು ನನ್ನನ್ನು ಸಂಪರ್ಕಿಸಿದ್ದು ಆಗ. ತಪ್ಪು ಸಂಸ್ಥೆಯದಿರಬೇಕು ಎಂಬುದು ಅವರ ಅನುಮಾನವಾಗಿತ್ತು. ಇಷ್ಟು ಸುಂದರವಾಗಿ ಹೊಳೆಯುತ್ತಿದೆಯಲ್ಲ ಎಂದರು.

ನಾನು ಮಾತಿನಲ್ಲಿ ಒಪ್ಪಿಸಲು ಹೋಗಲಿಲ್ಲ. ಮಾವನ ಪುಸ್ತಕದಲ್ಲಿದ್ದ ಚಿತ್ರವನ್ನು ಪಕ್ಕದಲ್ಲಿಟ್ಟು, ಕೋಣೆಯ ಟ್ಯೂಬ್‌ಲೈಟ್ ಆರಿಸಿ, ಒಂದೇ ಮೇಜುದೀಪದ ಕೆಳಗೆ ಡಾಲರನ್ನು ತಿರುಗಿಸಲು ಹೇಳಿದೆ. ಬಳಿಕ ಚಲಾವಣೆ ಕಾಣದ, ಯಾರೂ ಮುಟ್ಟದ ಇನ್ನೊಂದು ಬೆಳ್ಳಿ ನಾಣ್ಯವನ್ನು ಕೊಟ್ಟು ಹಾಗೆಯೇ ತಿರುಗಿಸಲು ಹೇಳಿದೆ. ಒಂದರಲ್ಲಿ ಬೆಳಕು ಓಡಿತು, ಇನ್ನೊಂದರಲ್ಲಿ ಮೈತುಂಬ ಒಂದೇ ಸಮನೆ ನಿಂತಿತ್ತು. ಅವರು ಎರಡನ್ನೂ ಮತ್ತೆ ಮತ್ತೆ ತಿರುಗಿಸಿ ನೋಡಿದರು. ಆಮೇಲೆ ಕೇಳಿದ ಪ್ರಶ್ನೆ ಒಂದೇ: "ಇದನ್ನು ಮೊದಲಿನಂತೆ ಮಾಡಬಹುದೇ, ಹೇಳಿ." ಆಗುವುದಿಲ್ಲ ಎಂದೆ.

ಮರೆಮಾಚುವ ದಾರಿ

ಮೊದಲಿನಂತೆ ಕಾಣುವ ಹಾಗೆ ಮಾಡಬಹುದು ಎಂದ ವ್ಯಾಪಾರಿಯೊಬ್ಬರು ಅವರಿಗೆ ಸಿಕ್ಕಿದರು. ಗಂಧಕದ ದ್ರಾವಣ, ಸ್ವಲ್ಪ ಶಾಖ, ಒಂದೆರಡು ದಿನ. ಹೊನ್ನು, ನೇರಳೆ, ನೀಲಿ ಎಲ್ಲವನ್ನೂ ತರಿಸುತ್ತೇನೆ ಎಂದರಂತೆ. ಇದು ಹೊಸ ವಿದ್ಯೆಯಲ್ಲ. ಅನೇಕ ತೊಳೆದ ನಾಣ್ಯಗಳು ಹೀಗೆ ಬಣ್ಣ ಬಳಿಸಿಕೊಂಡು ಕೈಬದಲಿಸುತ್ತಿವೆ. ಗುರುತಿಸುವುದು ಅಸಾಧ್ಯವೇನಲ್ಲ: ನಿಧಾನವಾಗಿ ಬಂದ ಬಣ್ಣದಲ್ಲಿ ಹಳದಿಯಿಂದ ನೀಲಿಗೆ ಸಾಗುವ ಕ್ರಮ ತಪ್ಪುವುದಿಲ್ಲ, ಉಬ್ಬಿದ ಅಕ್ಷರಗಳ ಸುತ್ತ ಬಣ್ಣ ಬೇರೆ ರೀತಿ ನಿಲ್ಲುತ್ತದೆ, ಕೆಳಗಿನ ಹೊಳಪು ಬಣ್ಣದ ಮೂಲಕವೂ ಓಡುತ್ತದೆ. ಅವಸರದ ಬಣ್ಣ ಗೀರುಗಳ ಮೇಲೆಯೇ ಹರಿದಿರುತ್ತದೆ, ತೇಲಿದಂತೆ ಕಾಣುತ್ತದೆ.

ವಾರಸುದಾರರು ಒಪ್ಪಲಿಲ್ಲ. ಎರಡನೆಯ ಸಲವೂ ರಸಾಯನ ತಾಗಿಸಲು ಮನಸ್ಸು ಬರುವುದಿಲ್ಲ, ಕೊಳ್ಳುವವರಿಗೆ ಸುಳ್ಳು ಹೇಳಲೂ ಬರುವುದಿಲ್ಲ ಎಂದರು. ಈ ನಿರ್ಧಾರದಿಂದ ಅವರಿಗೆ ಹಣದ ನಷ್ಟವಾಯಿತು. ಆದರೂ ಪ್ರಕರಣದಲ್ಲಿ ನಾನು ಅತ್ಯಂತ ಗೌರವಿಸುವ ನಿರ್ಧಾರ ಇದು. ತೊಳೆದ ನಾಣ್ಯ ಮಾರುವುದು ತಪ್ಪಲ್ಲ. ತೊಳೆದದ್ದು ಎಂದು ಹೇಳಿ ಮಾರಿದರೆ ಕೊಳ್ಳುವವರಿಗೆ ಅದರಲ್ಲೂ ಬೆಲೆಯಿದೆ, ವಿವರಗಳು ಚೆನ್ನಾಗಿರುವ ನಾಣ್ಯವನ್ನು ಕಡಿಮೆ ಹಣಕ್ಕೆ ಬಯಸುವವರು ಬೇಕಾದಷ್ಟು ಜನ ಇದ್ದಾರೆ. 1881ರ ಡಾಲರನ್ನು ಅವರು ಹಾಗೆಯೇ ಮಾರಿದರು, ಮೊದಲಿನ ಮತ್ತು ಈಗಿನ ಎರಡೂ ಚಿತ್ರಗಳನ್ನು ಜೊತೆಗಿಟ್ಟು.

ಹೆದರಿಕೆಯ ತಿಂಗಳುಗಳು

ಇಲ್ಲಿಗೆ ಮುಗಿದಿದ್ದರೆ ಇದು ಎಲ್ಲರಿಗೂ ಗೊತ್ತಿರುವ ಕಥೆಯಾಗುತ್ತಿತ್ತು. ಮುಂದೆ ನಡೆದದ್ದರಿಂದಲೇ ಇದನ್ನು ಬರೆಯಬೇಕೆನಿಸಿತು.

ಡಾಲರಿನ ಪೆಟ್ಟು ತಿಂದ ಮೇಲೆ ವಾರಸುದಾರರು ಒಂದು ನಿಯಮ ಮಾಡಿಕೊಂಡರು: ಯಾವ ನಾಣ್ಯವನ್ನೂ ಯಾವ ಕಾರಣಕ್ಕೂ ಮುಟ್ಟುವುದಿಲ್ಲ. ಉಳಿದ ಸಂಗ್ರಹವನ್ನು ಪೆಟ್ಟಿಗೆಗೆ ಹಾಕಿ ಬೀಗ ಹಾಕಿದರು. ಮೆದು ಪ್ಲಾಸ್ಟಿಕ್ ಜೇಬುಗಳನ್ನು ಬದಲಿಸಿ ಎಂದು ನಾನು ಹೇಳಿದ್ದಕ್ಕೂ, ಈಗ ಬೇಡ, ಭಯವಾಗುತ್ತದೆ ಎಂದರು. ಕೆಲವು ತಿಂಗಳ ಬಳಿಕ ಪೆಟ್ಟಿಗೆ ತೆರೆದಾಗ ಎರಡೂ ಕ್ರೌನ್‌ಗಳ ಮೇಲೆ ತಿಳಿಹಸಿರು ಅಂಟು ಹರಡಿತ್ತು. ರೋಮನ್ ನಾಣ್ಯದ ಗಾಢ ಹಸಿರು ಮೈಮೇಲೆ ತೆಳುಹಸಿರು ಪುಡಿಯ ಚುಕ್ಕೆಗಳು ಎದ್ದಿದ್ದವು. ಬೆರಳು ತಾಗಿದರೆ ಉದುರುತ್ತಿದ್ದವು.

ಮೆದು ಪ್ಲಾಸ್ಟಿಕ್ ಎಂದರೆ ಬಹುಮಟ್ಟಿಗೆ ಪಿವಿಸಿ, ಕ್ಲೋರಿನ್ ಇರುವ ಪ್ಲಾಸ್ಟಿಕ್. ಅದನ್ನು ಮೆದುಗೊಳಿಸಲು ಸೇರಿಸಿದ ಎಣ್ಣೆಯಂಥ ಪದಾರ್ಥ ಕಾಲಕ್ರಮೇಣ ಹೊರಗೆ ಒಸರುತ್ತದೆ. ಪಿವಿಸಿ ತಾನೇ ಶಿಥಿಲವಾದಂತೆ ಹೈಡ್ರೋಕ್ಲೋರಿಕ್ ಆಮ್ಲ ಬಿಡುತ್ತದೆ. ಆ ಆಮ್ಲ ನಾಣ್ಯದಲ್ಲಿರುವ ತಾಮ್ರವನ್ನು ಹಿಡಿದಾಗ ಹಸಿರು ಅಂಟು ಮೂಡುತ್ತದೆ. ಬೆಳ್ಳಿಯ ಮೇಲಿನ ಸಲ್ಫೈಡ್ ಪದರ ತಾನಾಗಿ ಲೋಹವನ್ನು ಕೊರೆಯುವುದಿಲ್ಲ, ಇದು ಕೊರೆಯುತ್ತದೆ. ಸುಮ್ಮನೆ ಬಿಟ್ಟಷ್ಟು ದಿನವೂ ಗುಳಿ ಆಳವಾಗುತ್ತದೆ.

ರೋಮನ್ ನಾಣ್ಯದ್ದು ಇನ್ನೂ ಗಂಭೀರ. ಮಣ್ಣಿನಲ್ಲಿದ್ದ ಕಾಲದಲ್ಲಿ ಸೇರಿದ ಕ್ಲೋರೈಡ್ ತಾಮ್ರದೊಡನೆ ಕೂಡಿ ಮೇಲ್ಪದರದ ಕೆಳಗೆ ಅಡಗಿರುತ್ತದೆ. ಗಾಳಿಯ ತೇವ ಮತ್ತು ಆಮ್ಲಜನಕ ತಲುಪಿದರೆ ಅದು ತೆಳುಹಸಿರು ಪುಡಿಯಾಗಿ ಉಬ್ಬುತ್ತದೆ, ಆ ಕ್ರಿಯೆಯಲ್ಲೇ ಹುಟ್ಟಿದ ಆಮ್ಲ ಮತ್ತಷ್ಟು ತಾಮ್ರವನ್ನು ತಿನ್ನುತ್ತದೆ. ಸಂರಕ್ಷಣಾ ತಜ್ಞರು ಕಂಚಿನ ರೋಗ ಎಂದು ಕರೆಯುವ ಈ ಸ್ಥಿತಿಗೆ ತಡೆಯಿಲ್ಲದಿದ್ದರೆ ನಾಣ್ಯ ಕೊನೆಗೆ ಪುಡಿಯಾಗುತ್ತದೆ.

ಎರಡನೆಯ ತಿರುವು ಇದು. ಉಜ್ಜಬಾರದ ನಾಣ್ಯವನ್ನು ಉಜ್ಜಿದ್ದೂ, ಮುಟ್ಟಲೇಬೇಕಾದ ನಾಣ್ಯವನ್ನು ಮುಟ್ಟದೆ ಬಿಟ್ಟದ್ದೂ ಒಂದೇ ಕಡೆಯಿಂದ ಹುಟ್ಟಿದವು: ಮೈಮೇಲೆ ಇರುವುದು ಏನು ಎಂದು ಕೇಳದೆ ಎಲ್ಲ ನಾಣ್ಯಗಳಿಗೂ ಒಂದೇ ಉತ್ತರ ಕೊಟ್ಟದ್ದರಿಂದ. ನಾವು ಹಿರಿಯ ಸಂಗ್ರಹಕಾರರು ಹೊಸಬರಿಗೆ ತೊಳೆಯಬೇಡಿ ಎಂದು ಹೇಳಿ ಅಲ್ಲಿಗೇ ನಿಲ್ಲಿಸುತ್ತೇವೆ. ಆ ಅರ್ಧ ಮಾತು ಡಾಲರನ್ನು ಉಳಿಸೀತು, ಕ್ರೌನ್‌ಗಳನ್ನು ಉಳಿಸದು.

ವಿಂಗಡಿಸಿದ್ದು ಹೇಗೆ

ಈ ಸಲ ಉಳಿದ ಇಡೀ ಸಂಗ್ರಹವನ್ನು ಮೇಜಿನ ಮೇಲೆ ಹರಡಿ, ಪ್ರತಿ ನಾಣ್ಯಕ್ಕೂ ಒಂದೇ ಪ್ರಶ್ನೆ ಕೇಳಿಕೊಂಡೆವು: ಕಾಣುತ್ತಿರುವುದು ಲೋಹದ ಮೇಲೆ ಕೂತದ್ದೋ, ಲೋಹದಿಂದಲೇ ಆದದ್ದೋ? ಲೋಹದಿಂದ ಆದದ್ದಾದರೆ, ಅದು ಸ್ಥಿರವಾಗಿದೆಯೋ, ಇನ್ನೂ ತಿನ್ನುತ್ತಿದೆಯೋ?

ಸ್ಥಿರವಾದ ಬಣ್ಣ, ಕಂದು, ಕಪ್ಪು ಇದ್ದವುಗಳನ್ನು ಹಾಗೆಯೇ ಬಿಟ್ಟೆವು. ಸಂಗ್ರಹದ ಬಹುಪಾಲು ಇಲ್ಲೇ ಸೇರಿತು, ಅದರ ಬಗ್ಗೆ ಹೇಳುವುದು ಬೇರೇನೂ ಇಲ್ಲ. ಪ್ಲಾಸ್ಟಿಕ್ಕಿನ ಅಂಟು ಹಿಡಿದ ಕ್ರೌನ್‌ಗಳಿಗೆ ಅಸಿಟೋನ್ ಬಳಸಲು ನಿರ್ಧರಿಸಿದೆವು. ಅಸಿಟೋನ್ ಎಣ್ಣೆ, ಅಂಟು, ಪ್ಲಾಸ್ಟಿಕ್ ಜಿಡ್ಡನ್ನು ಕರಗಿಸುತ್ತದೆ, ಬೆಳ್ಳಿಯನ್ನಾಗಲಿ ಅದರ ಸಲ್ಫೈಡನ್ನಾಗಲಿ ಮುಟ್ಟುವುದಿಲ್ಲ. ಅಂದರೆ ಮೇಲೆ ಕೂತದ್ದನ್ನು ತೆಗೆದು ಲೋಹದ್ದನ್ನು ಬಿಡುತ್ತದೆ. ನಮಗೆ ಬೇಕಾಗಿದ್ದುದು ಅಷ್ಟೇ. ಶುದ್ಧ ಅಸಿಟೋನ್ ಆಗಿರಬೇಕು, ಉಗುರುಬಣ್ಣ ತೆಗೆಯುವ ದ್ರವ ಬೇಡ, ಅದರಲ್ಲಿ ಸುವಾಸನೆ ಮತ್ತು ಎಣ್ಣೆ ಬೆರೆತಿರುತ್ತವೆ. ಪಾತ್ರೆ ಗಾಜಿನದೇ ಆಗಬೇಕು. ಅದು ಬೇಗ ಬೆಂಕಿ ಹತ್ತುವ ದ್ರವ, ಆದ್ದರಿಂದ ಕಿಟಕಿ ತೆರೆದಿಟ್ಟು, ಹತ್ತಿರದಲ್ಲಿ ಜ್ವಾಲೆ ಇಲ್ಲದಂತೆ ನೋಡಿಕೊಂಡೆವು. ನಾಣ್ಯವನ್ನು ಅಂಚಿನಲ್ಲಿ ಹಿಡಿದು ಮುಳುಗಿಸಿ, ನೆನೆಯಲು ಬಿಟ್ಟು, ದ್ರವ ಬದಲಿಸಿ ಮತ್ತೆ ನೆನೆಸಿ, ಕೊನೆಗೆ ಹೊಸ ಅಸಿಟೋನಿನಲ್ಲಿ ಅದ್ದಿ ತಾನಾಗಿ ಆರಲು ಬಿಟ್ಟೆವು. ಒರೆಸಲಿಲ್ಲ. ಒರೆಸಬೇಕೆಂದು ಕೈ ಚಡಪಡಿಸುತ್ತದೆ. ಅಂಟಿನೊಳಗೆ ಸಿಕ್ಕಿಕೊಂಡ ಮರಳಿನ ಒಂದು ಕಣ ಸಾಕು, ಉದ್ದಕ್ಕೂ ಗೀರು ಬೀಳಲು.

ಒಂದು ಕ್ರೌನ್ ಹಸಿರು ಕಳೆದು ಮೊದಲಿನ ಬೂದು ಬಣ್ಣದಲ್ಲೇ ಹೊರಬಂದಿತು, ಹೊಳಪು ಓಡುತ್ತಿತ್ತು. ಇನ್ನೊಂದರಲ್ಲಿ ಹಸಿರಿನ ಕೆಳಗೆ ಆಗಲೇ ಗುಳಿಗಳು ಬಿದ್ದಿದ್ದವು. ಎರಡನ್ನೂ ಶ್ರೇಣೀಕರಣಕ್ಕೆ ಕಳುಹಿಸಿದಾಗ ಮೊದಲನೆಯದಕ್ಕೆ ಯಾವ ಷರಾ ಇಲ್ಲದೆ ಅಂಕ ಬಂದಿತು; ಎರಡನೆಯದು ಪರಿಸರದಿಂದಾದ ಹಾನಿ ಎಂಬ ಷರಾದೊಂದಿಗೆ ಮರಳಿತು. ಒಂದೇ ಜೇಬಿನ ಪಕ್ಕಪಕ್ಕದಲ್ಲಿ ಇದ್ದ ನಾಣ್ಯಗಳವು. ಬೀಗ ಹಾಕಿಟ್ಟ ಆ ತಿಂಗಳುಗಳಲ್ಲಿ ಗುಳಿ ಎಷ್ಟು ಬೆಳೆಯಿತು ಎಂದು ಅಳೆಯಲು ಬಾರದು, ಆದರೆ ಮಾವನ ಚಿತ್ರದಲ್ಲಿ ಎರಡೂ ನಿರ್ಮಲವಾಗಿವೆ.

ಶುಚಿಗೊಳಿಸಲು ಅಸಿಟೋನ್ ಬಳಸಿದ್ದನ್ನೇ ಸಂಸ್ಥೆ ಏಕೆ ದೂಷಿಸಲಿಲ್ಲ ಎಂದು ವಾರಸುದಾರರು ಕೇಳಿದರು. ನ್ಯಾಯವಾದ ಪ್ರಶ್ನೆ. ಪರೀಕ್ಷಕರು ನೋಡುವುದು ಲೋಹದ ಮೈಯನ್ನು. ಅಲ್ಲಿ ಗೀರಿಲ್ಲ, ಏಣು ಕರಗಿಲ್ಲ, ಬಣ್ಣ ಕದಲಿಲ್ಲ ಎಂದಾದರೆ ದೂಷಿಸಲು ಏನೂ ಇರುವುದಿಲ್ಲ.

ಪೆನ್ನಿಯನ್ನು ಭಟ್ಟಿ ಇಳಿಸಿದ ನೀರಿನಲ್ಲಿ ನೆನೆಸಿಟ್ಟು, ನೀರನ್ನು ಆಗಾಗ ಬದಲಿಸುತ್ತ ಕ್ಲೋರೈಡ್ ಹೊರಬರಲು ಬಿಟ್ಟೆವು. ನಲ್ಲಿಯ ನೀರಿನಲ್ಲಿ ಕ್ಲೋರಿನ್ ಇರಬಹುದಾದ್ದರಿಂದ ಅದು ಈ ಕೆಲಸಕ್ಕೆ ಸಲ್ಲದು. ಕಿಲುಬು ನಿಂತಿತು. ಗುಲಾಬಿ ಬಣ್ಣ ಮಂದವಾಗುತ್ತಿದೆ, ವರ್ಷಗಳು ಕಳೆದಂತೆ ಕಂದು ಮತ್ತೆ ಬಂದೀತು, ಆದರೆ ಅದು ಆ ಹಳೆಯ ಕಂದು ಆಗುವುದಿಲ್ಲ. ಪೆನ್ನಿಯನ್ನು ಮಾರುವ ವಿಚಾರವನ್ನು ಅವರು ಬಿಟ್ಟಿದ್ದಾರೆ.

ಎಲ್ಲ ನಾಣ್ಯಗಳೂ ಈಗ ಪಾಲಿಯೆಸ್ಟರ್ ಹಾಳೆಯ ಜೇಬುಗಳಿಗೆ ಬಂದಿವೆ. ಕೈಗೆ ಬಂದ ಪ್ಲಾಸ್ಟಿಕ್ ಪಿವಿಸಿಯೇ ಎಂದು ಅನುಮಾನವಾದರೆ ಒಂದು ಹಳೆಯ ಪರೀಕ್ಷೆ ಇದೆ: ತಾಮ್ರದ ತಂತಿಯನ್ನು ಕೆಂಪಗೆ ಕಾಯಿಸಿ ಪ್ಲಾಸ್ಟಿಕ್ಕಿಗೆ ತಾಗಿಸಿ, ಮತ್ತೆ ಜ್ವಾಲೆಗೆ ಹಿಡಿದಾಗ ಹಸಿರು ಬೆಳಕು ಕಂಡರೆ ಅದರಲ್ಲಿ ಕ್ಲೋರಿನ್ ಇದೆ. ಹೊಗೆ ವಿಷಕಾರಿ, ಬಯಲಿನಲ್ಲಿ ಮಾಡಬೇಕು. ಅಸಿಟೋನಿನ ಬಾಟಲಿ ಹತ್ತಿರ ಇರಲೇಕೂಡದು.

ರೋಮನ್ ನಾಣ್ಯಕ್ಕೆ ನಾವು ಕೈಹಾಕಲಿಲ್ಲ. ಅಗೆದು ತೆಗೆದ ನಾಣ್ಯಗಳನ್ನು ಶುಚಿಗೊಳಿಸದೆ ಓದಲೂ ಆಗದು, ಆದ್ದರಿಂದ ಅವುಗಳ ವಿಷಯದಲ್ಲಿ ತೊಳೆಯಬಾರದೆಂಬ ನಿಯಮ ಎಂದೂ ಇರಲಿಲ್ಲ. ಆದರೆ ಆ ಕೆಲಸಕ್ಕೆ ತರಬೇತಿ ಬೇಕು. ಲೋಹ ಸಂರಕ್ಷಣೆಯ ತಜ್ಞರೊಬ್ಬರು ಸೂಕ್ಷ್ಮದರ್ಶಕದ ಕೆಳಗೆ ತೆಳುಹಸಿರು ಪುಡಿಯನ್ನು ಯಾಂತ್ರಿಕವಾಗಿ ತೆಗೆದು, ಬೆಂಜೋಟ್ರಯಜೋಲ್ ಎಂಬ ತಡೆರಸಾಯನದಲ್ಲಿ ಅದನ್ನು ನೆನೆಸಿದರು. ಆ ರಸಾಯನ ಆರೋಗ್ಯಕ್ಕೆ ಹಾನಿಕರ, ಮನೆಯಲ್ಲಿ ಬಳಸುವಂಥದ್ದಲ್ಲ. ನಾಣ್ಯವೀಗ ಸಿಲಿಕಾ ಜೆಲ್ ಇರುವ ಬಿಗಿಮುಚ್ಚಳದ ಡಬ್ಬಿಯಲ್ಲಿದೆ, ಸಾಪೇಕ್ಷ ತೇವಾಂಶ ಶೇಕಡಾ 40ಕ್ಕಿಂತ ಕೆಳಗಿರುವಂತೆ ನೋಡಿಕೊಳ್ಳುತ್ತಿದ್ದಾರೆ. ಚುಕ್ಕೆ ಮತ್ತೆ ಎದ್ದರೆ ಚಿಕಿತ್ಸೆಯನ್ನು ಮೊದಲಿನಿಂದ ಮಾಡಬೇಕಾಗುತ್ತದೆ ಎಂದು ತಜ್ಞರು ಹೇಳಿದ್ದಾರೆ. ಈವರೆಗೆ ಎದ್ದಿಲ್ಲ.